ಎರಡು ಗೆಲುವು, ಹತ್ತು ಅಂಕ: ‘ಅಂಡರ್‌ಬರ್ಡ್’ ಕಾರಿನ ಹಿಂದಿದ್ದ ಪುಟ್ಟ ತಂಡ

ಪ್ರಶ್ನೆ: ಮಗ ಅಮೆರಿಕದ ಷಾರ್ಲೆಟ್‌ನಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಅಲ್ಲಿಯ ನ್ಯಾಸ್ಕಾರ್ (ಅಮೆರಿಕದ ಸ್ಟಾಕ್ ಕಾರ್ ರೇಸ್ ನಡೆಸುವ ಸಂಸ್ಥೆ) ಹಾಲ್ ಆಫ್ ಫೇಮ್‌ಗೆ ಕರೆದುಕೊಂಡು ಹೋದ. ಅಲನ್ ಕುಲ್ವಿಕಿ ಎಂಬ ಹೆಸರು ಅಲ್ಲಿ ನೋಡಿದೆ. ಆಮೇಲೆ ಮಗ ಅವರ ಕಾರಿನ ಫೋಟೊ ತೋರಿಸಿದ. ‘ಥಂಡರ್‌ಬರ್ಡ್’ ಎಂದು ಫೋರ್ಡ್ ಕಾರಿನ ಹೆಸರು ಇರಬೇಕಾದ ಜಾಗದಲ್ಲಿ ‘ಅಂಡರ್‌ಬರ್ಡ್’ ಎಂದಿತ್ತು. ವರ್ಷವಿಡೀ ಎರಡೇ ರೇಸ್ ಗೆದ್ದು ಚಾಂಪಿಯನ್ ಆದರಂತೆ, ಅದೂ ಸ್ವಂತದ ಸಣ್ಣ ತಂಡ ಕಟ್ಟಿಕೊಂಡು. ಎರಡು ಗೆದ್ದವರು ಐದು ಗೆದ್ದವರನ್ನು ಹಿಂದೆ ಹಾಕುವುದು ಹೇಗೆ? ಆ ತಂಡದ ಕಥೆ ಏನು? ಈಗಲೂ ಅಂಥ ತಂಡ ಗೆಲ್ಲಬಹುದಾ?

ಉತ್ತರ: ನೀವು ಕೇಳಿದ ಈ ತಂಡದ ಬಗ್ಗೆ ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಅದರ ಹೆಸರು ಎಕೆ ರೇಸಿಂಗ್. ಎಕೆ ಅಂದರೆ ಅಲನ್ ಕುಲ್ವಿಕಿ. ತಂಡದ ಮಾಲೀಕ ಅವರೇ, ಕಾರು ಓಡಿಸುವವರೂ ಅವರೇ. ಅದು ಬದುಕಿದ್ದು ಏಳು ವರ್ಷ ಅಷ್ಟೇ. ಅಷ್ಟರಲ್ಲಿ 1992ರ ವಿನ್‌ಸ್ಟನ್ ಕಪ್, ಅಂದರೆ ಆ ದೇಶದ ಸ್ಟಾಕ್ ಕಾರ್ ರೇಸಿಂಗ್‌ನ ಅತಿ ದೊಡ್ಡ ಪಟ್ಟ, ಅವರ ಕೈಗೆ ಬಂತು. ಹೇಗೆ ಎಂದು ಒಂದೇ ಮಾತಲ್ಲಿ ಕೇಳಿದರೆ ನನ್ನ ಉತ್ತರ: ಲೆಕ್ಕ. ಅವರ ಹತ್ತಿರ ದುಡ್ಡು ಕಮ್ಮಿ ಇತ್ತು, ಜನ ಕಮ್ಮಿ ಇದ್ದರು. ಆದರೆ ಅವರಷ್ಟು ಶ್ರದ್ಧೆಯಿಂದ ಲೆಕ್ಕ ಹಾಕುವವರು ಆ ಮೈದಾನದಲ್ಲಿ ಬೇರೆ ಯಾರೂ ಇರಲಿಲ್ಲ.

ಮೊದಲು ಕಾರಿನ ಬಗ್ಗೆ ಎರಡು ಮಾತು. ಸ್ಟಾಕ್ ಕಾರ್ ಎನ್ನುವುದು ಅಂಗಡಿಯಲ್ಲಿ ಸಿಗುವ ಕಾರನ್ನೇ ತಂದು ಓಡಿಸುತ್ತಿದ್ದ ಕಾಲದ ಹೆಸರು. ಕುಲ್ವಿಕಿ ಬರುವ ಹೊತ್ತಿಗೆ ಹೆಸರು ಮಾತ್ರ ಉಳಿದಿತ್ತು. ಒಳಗೆ ಉಕ್ಕಿನ ಪೈಪುಗಳ ಚೌಕಟ್ಟು, ಮೇಲೆ ಗ್ಯಾರೇಜಿನಲ್ಲೇ ಬಾಗಿಸಿ ಕೂರಿಸಿದ ತಗಡಿನ ಮೈ, ಮುಂದೆ ದೊಡ್ಡ ವಿ8 ಎಂಜಿನ್. ಒಂದೊಂದು ಕಾರನ್ನೂ ತಂಡದವರೇ ಕೈಯಾರೆ ಕಟ್ಟಬೇಕು. ಹಾಗಾಗಿ ಜನ ಜಾಸ್ತಿ ಇದ್ದಷ್ಟೂ ಕಾರು ಜಾಸ್ತಿ, ಎಂಜಿನ್ ಜಾಸ್ತಿ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಸಣ್ಣ ತಂಡಕ್ಕೆ ಆ ಅನುಕೂಲ ಇಲ್ಲ.

ಕುಲ್ವಿಕಿ ಹುಟ್ಟಿದ್ದು 1954ರಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ. ಬೆಳೆದದ್ದು ಮಿಲ್ವಾಕಿ ಪಕ್ಕದ ಗ್ರೀನ್‌ಫೀಲ್ಡ್‌ನಲ್ಲಿ. ಪೋಲಿಷ್ ಮೂಲದ ಮನೆತನ. ತಂದೆ ರೇಸ್ ಎಂಜಿನ್ ಕಟ್ಟುವ ಕೆಲಸದಲ್ಲಿದ್ದರು. ತಾಯಿ ಇವರು ಶಾಲೆಯಲ್ಲಿದ್ದಾಗಲೇ ತೀರಿಕೊಂಡರು. ಅಲನ್ 1977ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿದರು. ಇದು ಈಗ ದೊಡ್ಡ ವಿಷಯ ಅನಿಸಲಿಕ್ಕಿಲ್ಲ. ಆಗ ಹಾಗಿರಲಿಲ್ಲ. ಸ್ಟಾಕ್ ಕಾರ್ ಅಂದರೆ ಅಮೆರಿಕದ ದಕ್ಷಿಣದ ರಾಜ್ಯಗಳವರ ಆಟ. ಅಪ್ಪ, ಚಿಕ್ಕಪ್ಪ, ಅಣ್ಣತಮ್ಮಂದಿರು ಸೇರಿ ಮನೆಯ ಹಿಂದಿನ ಶೆಡ್ಡಿನಲ್ಲಿ ಕಲಿತ ವಿದ್ಯೆ. ಅಂಥ ಕಡೆಗೆ ಉತ್ತರದ ಊರಿನಿಂದ, ಕಾಲೇಜು ಓದಿದ, ಬ್ರೀಫ್‌ಕೇಸ್ ಹಿಡಿದ ಹುಡುಗ ಬಂದ. ವಿನ್‌ಸ್ಟನ್ ಕಪ್ ಗೆದ್ದವರಲ್ಲಿ ಕಾಲೇಜು ಪದವಿ ಇದ್ದ ಮೊದಲಿಗ ಅವರೇ.

ಬಂದ ಬಗೆ ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. 1985ರಲ್ಲಿ ಇದ್ದಬದ್ದದ್ದನ್ನೆಲ್ಲ ಮಾರಿ, ಸಾಮಾನು ಕಟ್ಟಿ ಷಾರ್ಲೆಟ್‌ಗೆ ಹೊರಡಲು ಸಿದ್ಧರಾದರು. ಎಲ್ಲ ತಂಡಗಳ ಗ್ಯಾರೇಜು ಇದ್ದದ್ದು ಆ ಊರಿನ ಸುತ್ತಮುತ್ತಲೇ. ಹೊರಡಲು ಎರಡು ದಿನ ಇರುವಾಗ ಅವರ ಲಾರಿಗೆ ಬೆಂಕಿ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲುತ್ತಿದ್ದರು. ಇವರು ಬೇರೆ ಗಾಡಿ ಹೊಂದಿಸಿ, ಅದಕ್ಕೆ ಟ್ರೇಲರ್ ಕಟ್ಟಿಕೊಂಡು ಹೊರಟೇಬಿಟ್ಟರು.

1986ರ ರೇಸ್‌ಗಳನ್ನು ಬಿಲ್ ಟೆರಿ ಎಂಬುವರ ತಂಡದಲ್ಲಿ ಶುರು ಮಾಡಿದರು. ವರ್ಷದ ಮಧ್ಯದಲ್ಲಿ ಟೆರಿ ಕೈಬಿಟ್ಟರು. ಆಗ ತಂಡವನ್ನು ಕುಲ್ವಿಕಿಯೇ ತೆಗೆದುಕೊಂಡರು. ತಂಡ ಅಂದರೆ ಏನು ಗೊತ್ತಾ? ಒಂದು ಕಾರು, ಎರಡು ಎಂಜಿನ್, ಪೂರ್ತಿ ಹೊತ್ತು ಕೆಲಸ ಮಾಡುವ ಇಬ್ಬರು. ಮಾಲೀಕ, ಡ್ರೈವರ್, ಮುಖ್ಯ ಮೆಕ್ಯಾನಿಕ್, ಕ್ರೂ ಚೀಫ್ ನಾಲ್ಕೂ ಅವರೇ. ಕ್ರೂ ಚೀಫ್ ಅಂದರೆ ರೇಸ್ ನಡೆಯುವಾಗ ಯಾವಾಗ ನಿಲ್ಲಬೇಕು, ಯಾವ ಟೈರು ಹಾಕಬೇಕು ಎಂದು ತೀರ್ಮಾನ ಮಾಡುವವರು. ಅದನ್ನೂ ಕಾರಿನೊಳಗೆ ಕೂತುಕೊಂಡೇ ಮಾಡುತ್ತಿದ್ದರು. ಆ ವರ್ಷದ 29 ರೇಸ್‌ಗಳಲ್ಲಿ 23 ಓಡಿ, ಹೊಸಬರಲ್ಲಿ ಉತ್ತಮ ಎಂಬ ಪ್ರಶಸ್ತಿ ಪಡೆದರು.

ಅವರ ಜೊತೆ ಕೆಲಸ ಮಾಡುವುದು ಸುಲಭ ಇರಲಿಲ್ಲ. ಒಂದು ಬೋಲ್ಟು ಕೂಡ ತಾನೇ ನೋಡದೆ ಬಿಡುತ್ತಿರಲಿಲ್ಲ. ಬಹಳ ಜನ ಬಂದರು, ಹೋದರು. ಕಡೆಗೆ ಅವರು ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಸ್ವಂತ ರೇಸ್ ಕಾರು ಇಟ್ಟುಕೊಂಡಿದ್ದವರನ್ನೇ ಹುಡುಕಿ ಕೆಲಸಕ್ಕೆ ಸೇರಿಸಿಕೊಳ್ಳತೊಡಗಿದರು. ರಾತ್ರಿ ಎರಡು ಗಂಟೆಗೆ ಗ್ಯಾರೇಜಿನಲ್ಲಿ ಯಾಕೆ ಇರಬೇಕು ಎಂದು ಅಂಥವರಿಗೆ ಹೇಳಿಕೊಡಬೇಕಿಲ್ಲ. 1988ರ ಹೊತ್ತಿಗೆ ಪಾಲ್ ಆಂಡ್ರ್ಯೂಸ್ ಕ್ರೂ ಚೀಫ್ ಆದರು. ಕೊನೆಯವರೆಗೂ ಜೊತೆಗಿದ್ದರು.

ಅದೇ 1988ರ ನವೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ ಮೊದಲ ಗೆಲುವು. ಗೆದ್ದ ಮೇಲೆ ಅವರು ಮಾಡಿದ್ದು ಯಾರೂ ನೋಡಿರದ ಕೆಲಸ. ಇಂಥ ಅಂಡಾಕಾರದ ಟ್ರ್ಯಾಕ್‌ಗಳಲ್ಲಿ ಕಾರುಗಳು ಯಾವಾಗಲೂ ಎಡಕ್ಕೇ ಸುತ್ತುತ್ತವೆ. ಅಮೆರಿಕದ ಕಾರಿನಲ್ಲಿ ಡ್ರೈವರ್ ಕೂರುವುದೂ ಎಡಗಡೆ. ಹಾಗಾಗಿ ಡ್ರೈವರ್ ಇರುವುದು ಮೈದಾನದ ಒಳಗಿನ ಕಡೆಗೆ, ಜನರಿಗೆ ಕಾಣುವುದು ಕಾರಿನ ಬಲ ಮಗ್ಗುಲು. ಕುಲ್ವಿಕಿ ಕಾರನ್ನು ಹಿಂದಕ್ಕೆ ತಿರುಗಿಸಿ ಉಲ್ಟಾ ಸುತ್ತು ಹಾಕಿದರು. ಈಗ ಅವರ ಕಿಟಕಿ ಜನರ ಕಡೆಗೆ ಬಂತು. ಕೈ ಹೊರಗೆ ಚಾಚಿ ಎಲ್ಲರಿಗೂ ಬೀಸುತ್ತಾ ಹೋದರು. ತಮ್ಮ ಮನೆತನದ ಮೂಲ ನೆನೆದು ಅದಕ್ಕೆ ಪೋಲಿಷ್ ವಿಕ್ಟರಿ ಲ್ಯಾಪ್ ಎಂದು ಹೆಸರಿಟ್ಟರು.

ಈಗ ಜೂನಿಯರ್ ಜಾನ್ಸನ್ ವಿಷಯಕ್ಕೆ ಬರಬೇಕು. ಈ ಕಥೆಯ ಬೆನ್ನುಮೂಳೆ ಅದೇ. ಜಾನ್ಸನ್ ಆ ಕಾಲದ ದೊಡ್ಡ ತಂಡದ ಮಾಲೀಕರು, ಅವರ ಕಾರಿನಲ್ಲಿ ಕೂರಲು ಡ್ರೈವರುಗಳು ಕಾಯುತ್ತಿದ್ದರು. ಅಂಥವರು 1990ರಲ್ಲಿ ಕುಲ್ವಿಕಿಯನ್ನು ಕರೆದರು. ಇವರು ಬೇಡ ಎಂದರು. ವರ್ಷದ ಕೊನೆಗೆ ಇವರ ಪ್ರಾಯೋಜಕರಾಗಿದ್ದ ಝೆರೆಕ್ಸ್ ಕಂಪನಿ ಹೊರಟುಹೋಯಿತು. ಜಾನ್ಸನ್ ಮತ್ತೆ ಕರೆದರು, ಈ ಸಲ 10 ಲಕ್ಷ ಡಾಲರ್ ಕೊಡುತ್ತೇನೆ ಎಂದು. ಮತ್ತೆ ಬೇಡ ಎಂದರು. ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಕಂಪನಿ ತಮಗೆ ಸಿಗುತ್ತದೆ ಎಂದು ನಂಬಿದ್ದರು. ಕಡೆಗೆ ಆ ಕಾಫಿ ಕಂಪನಿಯೂ ಜಾನ್ಸನ್ ಕಡೆಗೇ ಹೋಯಿತು.

1991 ಶುರುವಾದಾಗ ಕಾರಿನ ಮೇಲೆ ಬರೆಯಲು ಯಾರ ಹೆಸರೂ ಇಲ್ಲ. ಗಲ್ಫ್ ಯುದ್ಧದ ಸಮಯ. ಡೇಟೋನಾದ ಮೊದಲ ರೇಸ್‌ಗೆ ಅಮೆರಿಕದ ಸೇನೆಯ ಹೆಸರು ಹೊತ್ತು ಓಡಿದರು. ಅದಾದ ಮೇಲೆ ಕೈಯಿಂದಲೇ ಖರ್ಚು. ಮಾರ್ಚ್‌ನಲ್ಲಿ ಅಟ್ಲಾಂಟಾಕ್ಕೆ ಬಂದರು. ಹೂಟರ್ಸ್ ಎಂಬ ರೆಸ್ಟೋರೆಂಟ್ ಕಂಪನಿ ಬೇರೊಂದು ಕಾರಿಗೆ ದುಡ್ಡು ಹಾಕಿತ್ತು, ಆ ಕಾರು ಅರ್ಹತಾ ಸುತ್ತಿನಲ್ಲೇ ಹೊರಬಿತ್ತು. ಕಂಪನಿಗೆ ಓಡುವ ಕಾರು ಬೇಕಿತ್ತು, ಕುಲ್ವಿಕಿಗೆ ಪ್ರಾಯೋಜಕರು ಬೇಕಿತ್ತು. ಒಂದು ರೇಸ್‌ಗೆ ಅಂತ ಒಪ್ಪಂದ ಆಯಿತು. ಅವರು ಎಂಟನೆಯವರಾಗಿ ಬಂದರು, ಒಪ್ಪಂದ ಮುಂದುವರಿಯಿತು. ಆ ಬೇರೆ ಕಾರು ಅವತ್ತು ಅರ್ಹತೆ ಪಡೆದಿದ್ದರೆ ನಾನು ಈ ಉತ್ತರ ಬರೆಯುತ್ತಿರಲಿಲ್ಲವೇನೋ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಎರಡು ಗೆದ್ದವರು ಮುಂದೆ ಬಂದದ್ದು ಹೇಗೆ?

ಆಗಿನ ಅಂಕದ ಪದ್ಧತಿ ಹೀಗಿತ್ತು. ಗೆದ್ದವರಿಗೆ 175, ಎರಡನೆಯವರಿಗೆ 170, ಮೂರನೆಯವರಿಗೆ 165. ಹೀಗೆ ಕೆಳಗೆ ಹೋದಂತೆ ಅಂತರ ಐದರಿಂದ ನಾಲ್ಕಕ್ಕೆ, ಆಮೇಲೆ ಮೂರಕ್ಕೆ ಇಳಿಯುತ್ತದೆ. ಹತ್ತನೆಯವರಿಗೆ 134, ಮೂವತ್ತನೆಯವರಿಗೆ 73. ಇದಲ್ಲದೆ ಒಂದೇ ಒಂದು ಸುತ್ತು ಮುಂದಿದ್ದರೂ 5 ಅಂಕ ಹೆಚ್ಚಿಗೆ, ಅತಿ ಹೆಚ್ಚು ಸುತ್ತು ಮುಂದಿದ್ದವರಿಗೆ ಇನ್ನೂ 5. ಗಮನಿಸಿ ನೋಡಿ: ಗೆಲುವಿಗೂ ಎರಡನೇ ಸ್ಥಾನಕ್ಕೂ ಇರುವುದು ಐದೇ ಅಂಕ. ಆದರೆ ಒಂದು ಸಲ ಎಂಜಿನ್ ಸುಟ್ಟು ಮೂವತ್ತನೆಯವರಾದರೆ ನೂರು ಅಂಕ ಹೋಯಿತು. ಅಂದರೆ ಈ ಪದ್ಧತಿ ಗೆದ್ದವರಿಗಿಂತ ಕೆಡದವರಿಗೆ ಜಾಸ್ತಿ ಕೊಡುತ್ತಿತ್ತು. ಒಂದೊಂದು ಬೋಲ್ಟನ್ನೂ ತಾನೇ ಮುಟ್ಟಿ ನೋಡುವ ಮನುಷ್ಯನಿಗೆ ಇದಕ್ಕಿಂತ ಹೊಂದುವ ಪದ್ಧತಿ ಇಲ್ಲ, ಅಲ್ವಾ?

1992ರಲ್ಲಿ ಅವರು ಗೆದ್ದದ್ದು ಏಪ್ರಿಲ್‌ನಲ್ಲಿ ಬ್ರಿಸ್ಟಲ್, ಜೂನ್‌ನಲ್ಲಿ ಪೊಕೊನೊ. ಸೆಪ್ಟೆಂಬರ್‌ನಲ್ಲಿ ಡೋವರ್‌ನಲ್ಲಿ ಡಿಕ್ಕಿಯಾಗಿ 34ನೇ ಸ್ಥಾನ. ಆಗ ಪಟ್ಟಿಯಲ್ಲಿ ಮೊದಲಿದ್ದ ಬಿಲ್ ಎಲಿಯಟ್‌ಗಿಂತ 278 ಅಂಕ ಹಿಂದೆ. ಉಳಿದದ್ದು ಆರು ರೇಸ್. ಎಲ್ಲರೂ ಇವರ ಕಥೆ ಮುಗಿಯಿತು ಅಂದುಕೊಂಡರು.

ಎಲಿಯಟ್ ಯಾರ ಕಾರು ಓಡಿಸುತ್ತಿದ್ದರು ಗೊತ್ತಾ? ಜೂನಿಯರ್ ಜಾನ್ಸನ್ ಅವರದ್ದು.

ಮುಂದಿನ ಐದು ರೇಸ್‌ಗಳಲ್ಲಿ ಎಲಿಯಟ್‌ಗೆ ಬಂದ ಸ್ಥಾನಗಳು 30, 26, 30, 4, 31. ಏನೋ ಒಂದು ಮುರಿಯುತ್ತಲೇ ಹೋಯಿತು. ಕುಲ್ವಿಕಿಗೆ ಬಂದದ್ದು 5, 12, 2, 12, 4. ಒಂದೂ ಗೆಲುವಿಲ್ಲ, ಆದರೆ ಒಂದು ಸಲವೂ ಕೆಡಲಿಲ್ಲ. ನೀವೇ ಕೂಡಿ ಕಳೆದು ನೋಡಿ, 278ರ ಅಂತರ ಅಷ್ಟರಲ್ಲೇ ಕರಗಿಹೋಗುತ್ತದೆ.

ಕೊನೆಯ ರೇಸ್ 1992ರ ನವೆಂಬರ್ 15ರಂದು, ಅಟ್ಲಾಂಟಾದಲ್ಲಿ. ಆರು ಜನರಿಗೆ ಪಟ್ಟ ಸಿಗುವ ಸಾಧ್ಯತೆ ಇತ್ತು. ಅಂಕದಲ್ಲಿ ಈಗ ಡೇವಿ ಆಲಿಸನ್ ಎಂಬ ಡ್ರೈವರ್ ಮುಂದೆ. ಅವರಿಗಿಂತ 30 ಅಂಕ ಹಿಂದೆ ಕುಲ್ವಿಕಿ, 40 ಹಿಂದೆ ಎಲಿಯಟ್. ರಿಚರ್ಡ್ ಪೆಟ್ಟಿ ಎಂಬ ಮಹಾನ್ ಡ್ರೈವರ್‌ನ ಕೊನೆಯ ರೇಸ್ ಅದು. ಜೆಫ್ ಗಾರ್ಡನ್ ಎಂಬ ಹುಡುಗನ ಮೊದಲನೆಯದು. ನಿಮ್ಮ ಫೋಟೊದಲ್ಲಿರುವುದು ಆ ದಿನದ ಕಾರು. ಫೋರ್ಡ್ ಕಂಪನಿಯ, ನ್ಯಾಸ್ಕಾರ್‌ನ ಒಪ್ಪಿಗೆ ಪಡೆದು, ಬಂಪರ್ ಮೇಲಿನ ‘ಥಂಡರ್‌ಬರ್ಡ್’ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ ತೆಗೆಸಿದ್ದರು. ಇಂಗ್ಲಿಷಿನಲ್ಲಿ ಗೆಲ್ಲುವ ನಿರೀಕ್ಷೆ ಇಲ್ಲದ ಸಣ್ಣವನನ್ನು ಅಂಡರ್‌ಡಾಗ್ ಅನ್ನುತ್ತಾರಲ್ಲ, ಆ ಮಾತನ್ನೇ ಕಾರಿನ ಹೆಸರಿಗೆ ಸೇರಿಸಿದ್ದು.

ರೇಸ್ 328 ಸುತ್ತು. ಕುಲ್ವಿಕಿ ಮೊದಲ ಸಲ ಪಿಟ್‌ನಲ್ಲಿ, ಅಂದರೆ ಪೆಟ್ರೋಲ್, ಟೈರಿಗೆ ಅಂತ ನಿಲ್ಲುವ ಜಾಗದಲ್ಲಿ, ನಿಂತು ಹೊರಡುವಾಗ ಫಸ್ಟ್ ಗೇರ್ ಮುರಿಯಿತು. ಇದರ ಕಷ್ಟ ಏನೆಂದು ಕಾರು ಓಡಿಸುವವರಿಗೆ ಹೇಳಬೇಕಿಲ್ಲ. ನಿಂತ ಕಾರನ್ನು ಮೇಲಿನ ಗೇರಿನಲ್ಲಿ ಎತ್ತಿದರೆ ಗಡಗಡ ನಡುಗಿ ಆಫ್ ಆಗುತ್ತದೆ. ಓಡುತ್ತಿರುವಾಗ ತೊಂದರೆ ಇಲ್ಲ, ಆದರೆ ಪಿಟ್‌ನಲ್ಲಿ ನಿಂತಾಗಲೆಲ್ಲ ಗಂಡಾಂತರ. ಒಳಗೆ ಮುರಿದ ಹಲ್ಲಿನ ಚೂರು ಬೇರೆ ಗೇರಿಗೆ ಸಿಕ್ಕಿಕೊಂಡರೆ ಅಲ್ಲಿಗೆ ಮುಗಿಯಿತು. ಬದಲಾಯಿಸಲು ಸಮಯ ಇಲ್ಲ. ಹಾಗಾಗಿ ಉಳಿದ ದಿನವೆಲ್ಲ ಪಿಟ್‌ನಿಂದ ಹೊರಟಾಗ ಹುಡುಗರು ಕಾರಿನ ಹಿಂದೆ ಬಿದ್ದು ತಳ್ಳಿದರು. ನಮ್ಮ ಬೀದಿಯಲ್ಲಿ ಹಳೇ ಅಂಬಾಸಿಡರ್ ತಳ್ಳಿದ ಹಾಗೇ. ದೇಶದ ಅತಿ ದೊಡ್ಡ ಪಟ್ಟಕ್ಕಾಗಿ ಓಡುತ್ತಿರುವ ಕಾರು ಅದು!

ಆಲಿಸನ್‌ಗೆ ಐದನೇ ಸ್ಥಾನ ಬಂದಿದ್ದರೆ ಸಾಕಿತ್ತು. ಆದರೆ ಸುಮಾರು 250ನೇ ಸುತ್ತಿನಲ್ಲಿ ಎರ್ನಿ ಅರ್ವನ್ ಅವರ ಕಾರು ಹತೋಟಿ ತಪ್ಪಿ ಅಡ್ಡ ಬಂತು, ಆಲಿಸನ್ ಅದಕ್ಕೆ ಹೊಡೆದರು. ಉಳಿದದ್ದು ಇಬ್ಬರು. ಮುಂದೆ ಒಮ್ಮೆ ಕುಲ್ವಿಕಿ, ಒಮ್ಮೆ ಎಲಿಯಟ್.

ಇಲ್ಲಿ ಆಂಡ್ರ್ಯೂಸ್ ಮತ್ತು ಅವರ ಹುಡುಗರು ಸುತ್ತು ಎಣಿಸತೊಡಗಿದರು. ಎಲಿಯಟ್ ಗೆದ್ದರೆ 175, ಮುಂದಿದ್ದದ್ದಕ್ಕೆ 5, ಒಟ್ಟು 180. ಕುಲ್ವಿಕಿ ಎರಡನೆಯವರಾದರೆ 170, ಮುಂದಿದ್ದದ್ದಕ್ಕೆ 5. ಆದರೆ ಅತಿ ಹೆಚ್ಚು ಸುತ್ತು ಮುಂದಿದ್ದವರ 5 ಅಂಕವನ್ನೂ ಅವರೇ ಹಿಡಿದರೆ ಅವರಿಗೂ 180. ಆಗ ಮೊದಲಿದ್ದ ಹತ್ತು ಅಂಕದ ಅಂತರ ಹಾಗೇ ಉಳಿಯುತ್ತದೆ. ಆ 5 ಅಂಕ ಎಲಿಯಟ್‌ಗೆ ಹೋದರೆ? ಅವರಿಗೆ 185, ಇವರಿಗೆ 175. ಹತ್ತರ ಅಂತರ ಸೊನ್ನೆಗೆ ಬಂದು ಇಬ್ಬರೂ ಸಮ. ಸಮ ಆದಾಗ ನೋಡುವುದು ಗೆಲುವಿನ ಸಂಖ್ಯೆ. ಆ ಗೆಲುವು ಸೇರಿ ಎಲಿಯಟ್‌ಗೆ ಐದು, ಇವರಿಗೆ ಎರಡು. ಪಟ್ಟ ಎಲಿಯಟ್‌ಗೆ.

ಹಾಗಾಗಿ ಕುಲ್ವಿಕಿಯನ್ನು ಪಿಟ್‌ಗೆ ಕರೆಯದೆ ಮುಂದೆಯೇ ಇಟ್ಟರು. 310ನೇ ಸುತ್ತಿನವರೆಗೆ. ಬೇಕಾದ ಎಣಿಕೆ ಕೈಗೆ ಸಿಕ್ಕ ಮೇಲೆ ಒಳಗೆ ಕರೆದರು. ಪೆಟ್ರೋಲ್ ಮಾತ್ರ, ಟೈರು ಬದಲಾಯಿಸುವ ಕೆಲಸ ಇಲ್ಲ. ಹೀಗಾಗಿ ತಳ್ಳಲು ಕೈಗಳು ಸಿಕ್ಕವು. ಕಾರು ನಡುಗುತ್ತಾ ಹೊರಟಿತು, ಆಫ್ ಆಗಲಿಲ್ಲ. ಎಲಿಯಟ್ ಮೊದಲು, ಕುಲ್ವಿಕಿ ಎರಡನೆಯವರು. ಎಲಿಯಟ್ ಮುಂದಿದ್ದದ್ದು 102 ಸುತ್ತು. ಕುಲ್ವಿಕಿ 103. ಒಟ್ಟು ಅಂಕ 4078, ಎದುರಾಳಿಗೆ 4068. ಅವತ್ತಿನವರೆಗೆ ಅಷ್ಟು ಕಮ್ಮಿ ಅಂತರದಲ್ಲಿ ಯಾರೂ ಆ ಪಟ್ಟ ಗೆದ್ದಿರಲಿಲ್ಲ.

ಕಾರು ನಿಂತಿತು. ಟಿವಿಯವರು ಮೈಕು ಹಿಡಿದು ಕಾದಿದ್ದಾರೆ. ಕುಲ್ವಿಕಿ ಹೆಲ್ಮೆಟ್ ತೆಗೆದು ಒಳಗೇ ಕೂತು ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. ಆಮೇಲೆ ಇಳಿದರು. ಆ ದೃಶ್ಯ ನೋಡಿದಾಗಲೆಲ್ಲ ನನಗೆ ಅನಿಸುವುದು, ಆ ಮನುಷ್ಯ ಈ ಗಳಿಗೆಗೂ ತಯಾರಿ ಮಾಡಿಕೊಂಡೇ ಬಂದಿದ್ದರು ಎಂದು. ಪೋಲಿಷ್ ಸುತ್ತನ್ನು ಆ ದಿನ ಎರಡನೇ ಸಲ ಹಾಕಿದ್ದರು. ಫೀನಿಕ್ಸ್ ಆದ ಮೇಲೆ ಪಟ್ಟ ಗೆದ್ದರೆ ಮಾತ್ರ ಅಂತ ಉಳಿಸಿಟ್ಟುಕೊಂಡಿದ್ದ ಸುತ್ತು ಅದು.

ಇದಾದ ನಂತರದ ಭಾಗ ಬರೆಯಲು ಮನಸ್ಸು ಬರುವುದಿಲ್ಲ. 1993ರ ಏಪ್ರಿಲ್ 1ರ ರಾತ್ರಿ ಬ್ರಿಸ್ಟಲ್ ರೇಸ್‌ಗೆ ಹೊರಟಿದ್ದ ಸಣ್ಣ ವಿಮಾನ ಟೆನೆಸ್ಸಿಯ ಬ್ಲೌಂಟ್‌ವಿಲ್ ಹತ್ತಿರ ಬಿತ್ತು. ಕುಲ್ವಿಕಿ ಮತ್ತು ಜೊತೆಗಿದ್ದ ಮೂವರು ತೀರಿಕೊಂಡರು. ಅವರಿಗೆ ಆಗ 38 ವರ್ಷ. ಮಾರನೇ ದಿನ ಬ್ರಿಸ್ಟಲ್‌ನಲ್ಲಿ ಮಳೆ. ಅವರ ತಂಡದ ಲಾರಿ ಮುಂದೆ ಕಪ್ಪು ಹೂಮಾಲೆ ಕಟ್ಟಿಕೊಂಡು ಆ ಟ್ರ್ಯಾಕ್ ಮೇಲೆ ನಿಧಾನವಾಗಿ ಸುತ್ತು ಹಾಕಿ ಹೊರಗೆ ಹೋಯಿತು. ಭಾನುವಾರ ರಸ್ಟಿ ವಾಲೆಸ್ ಗೆದ್ದರು. ವಿಸ್ಕಾನ್ಸಿನ್ ಕಡೆಯ ಸಣ್ಣ ಟ್ರ್ಯಾಕ್‌ಗಳ ಕಾಲದಿಂದ ಕುಲ್ವಿಕಿಯ ಎದುರಾಳಿ ಅವರು. ಗೆದ್ದು ಕಾರು ತಿರುಗಿಸಿ ಉಲ್ಟಾ ಸುತ್ತು ಹಾಕಿದರು. ಅದೇ ವರ್ಷ ಜುಲೈನಲ್ಲಿ ಡೇವಿ ಆಲಿಸನ್ ಹೆಲಿಕಾಪ್ಟರ್ ಅಪಘಾತದಲ್ಲಿ ಹೋದರು.

ತಂಡವನ್ನು ಜೆಫ್ ಬೋಡೈನ್ ಎಂಬ ಡ್ರೈವರ್ ಕೊಂಡರು. 1994ರಲ್ಲಿ ಮೂರು ರೇಸ್ ಗೆದ್ದರು. ಆಮೇಲೆ ಕೆಲವೇ ವರ್ಷಗಳಲ್ಲಿ ಆ ತಂಡ ಇಲ್ಲವಾಯಿತು.

ಈಗ ಅಂಥ ತಂಡ ಗೆಲ್ಲಬಹುದಾ ಎಂದು ಕೇಳಿದ್ದೀರಿ. ರೇಸ್ ಗೆಲ್ಲಬಹುದು. ವರ್ಷದ ಪಟ್ಟ ಕಷ್ಟ. ಓಡಿಸುವವರೇ ಮಾಲೀಕರಾಗಿ ಮತ್ತೆ ಪಟ್ಟ ಗೆದ್ದದ್ದು 2011ರಲ್ಲಿ, ಟೋನಿ ಸ್ಟೀವರ್ಟ್. ಆದರೆ ಅವರಿಗೆ ಪಾಲುದಾರರಿದ್ದರು, ತಂಡವೂ ದೊಡ್ಡದು. ಸಣ್ಣ ತಂಡದ ಹತ್ತಿರಕ್ಕೆ ಬರುವುದು ಫರ್ನಿಚರ್ ರೋ ರೇಸಿಂಗ್. ಎಲ್ಲರೂ ಷಾರ್ಲೆಟ್ ಸುತ್ತ ಇರುವಾಗ ಅವರು ದೂರದ ಡೆನ್ವರ್‌ನಲ್ಲಿದ್ದರು. ಮಾರ್ಟಿನ್ ಟ್ರೂಎಕ್ಸ್ ಜೂನಿಯರ್ ಓಡಿಸಿ 2017ರಲ್ಲಿ ಪಟ್ಟ ತಂದರು. ಅವರಿಗೂ ಜೋ ಗಿಬ್ಸ್ ಅವರ ದೊಡ್ಡ ತಂಡದ ತಾಂತ್ರಿಕ ನೆರವು ಇತ್ತು. ಮರುವರ್ಷ ಒಬ್ಬ ಮುಖ್ಯ ಪ್ರಾಯೋಜಕರು ಹೊರಡುತ್ತೇವೆ ಅಂದದ್ದೇ ತಡ, 2018ರ ಕೊನೆಗೆ ಬಾಗಿಲು ಮುಚ್ಚಿತು. ಆ ವರ್ಷವೂ ಅವರು ಪಟ್ಟಿಯಲ್ಲಿ ಎರಡನೆಯವರು! ಎಷ್ಟು ಚೆನ್ನಾಗಿ ಓಡಿದರೂ ಸಣ್ಣ ತಂಡ ಒಂದು ಸಹಿಯ ಮೇಲೆ ನಿಂತಿರುತ್ತದೆ. ಕುಲ್ವಿಕಿಗೂ ಹಾಗೇ ಇತ್ತು, ಅವರು ಅದನ್ನು ತಿಳಿದೇ ಆರಿಸಿಕೊಂಡಿದ್ದರು. ಪಟ್ಟ ಕೂಡ ಈಗ ವರ್ಷವಿಡೀ ಕೂಡಿಟ್ಟ ಅಂಕದ ಮೇಲೆ ಅಷ್ಟೇ ನಿಲ್ಲದೆ ವರ್ಷಾಂತ್ಯದ ಕೆಲವು ರೇಸ್‌ಗಳ ಮೇಲೆ ನಿಂತಿದೆ.

ನೀವು ಹೋಗಿದ್ದ ಹಾಲ್ ಆಫ್ ಫೇಮ್‌ಗೆ ಕುಲ್ವಿಕಿ ಸೇರಿದ್ದು 2019ರಲ್ಲಿ. ಅದೇ ವರ್ಷ ಸೇರಿದ ಐವರಲ್ಲಿ ಡೇವಿ ಆಲಿಸನ್ ಇದ್ದಾರೆ, ಅಟ್ಲಾಂಟಾದಲ್ಲಿ ಅವತ್ತು ಮೊದಲ ರೇಸ್ ಓಡಿದ್ದ ಜೆಫ್ ಗಾರ್ಡನ್ ಕೂಡ ಇದ್ದಾರೆ. ಮತ್ತೆ ಮಗನ ಮನೆಗೆ ಹೋದರೆ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಷಾರ್ಲೆಟ್ ಕ್ಯಾಂಪಸ್ ಕಡೆಗೂ ಹೋಗಿಬನ್ನಿ. ಎಂಜಿನಿಯರಿಂಗ್ ಕಲಿಯುವ ಮಕ್ಕಳು ರೇಸ್ ಕಾರು ಕಟ್ಟುವ ಒಂದು ಪ್ರಯೋಗಾಲಯ ಅಲ್ಲಿದೆ. ಬಾಗಿಲ ಮೇಲಿರುವುದು ಅಲನ್ ಕುಲ್ವಿಕಿ ಹೆಸರು.